ಬೈಗುಳ ಬೇಡಿದ ಹುಡುಗಿ

ಕತೆಗಳಲ್ಲಿ ರಾಜಕುಮಾರಿಯನ್ನು ಏಳು ಸುತ್ತಿನ ಕೋಟೆಯೊಳಗೆ ಕೂಡಿಹಾಕುವವನು ರಾಕ್ಷಸ. ಈ ಶಾಲೆಯಲ್ಲಿ ರಾಕ್ಷಸರಿರಲಿಲ್ಲ, ಎಲ್ಲರೂ ಒಳ್ಳೆಯವರೇ. ಹಾಗಾಗಿ ಏಳನೆಯ ತರಗತಿಯ ಚಿಟ್ಟೆ ಎಂಬ ಹುಡುಗಿಯನ್ನು ಕೂಡಿಹಾಕುವ ಕೆಲಸವನ್ನು ಆ ಒಳ್ಳೆಯವರೇ ಸೇರಿ ಮಾಡಿದ್ದರು, ಅದೂ ನಗುನಗುತ್ತಾ.

ಚಿಟ್ಟೆಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ, ಸನ್ನೆ ಭಾಷೆಯಲ್ಲಿ. ಬೆರಳುಗಳು ಒಂದು ಕಡೆ ಕೂರುವುದೇ ಇಲ್ಲವೆಂದು ತರಗತಿಯವರು ಇಟ್ಟ ಹೆಸರದು. ಹತ್ತಾರು ದೇಶಗಳ ಮಕ್ಕಳು ಓದುವ ಅಂತರರಾಷ್ಟ್ರೀಯ ಶಾಲೆ. ಯಾರೂ ಹೊರಗುಳಿಯಬಾರದೆಂದು ಅವಳಿಗಾಗಿಯೇ ಒಬ್ಬ ದುಭಾಷಿಯನ್ನು ನೇಮಿಸಿದ್ದರು. ಮೇಷ್ಟ್ರು ಹೇಳಿದ್ದನ್ನು ಕೈಯಲ್ಲಿ ತೋರಿಸುವುದು, ಚಿಟ್ಟೆ ತೋರಿಸಿದ್ದನ್ನು ಬಾಯಲ್ಲಿ ಹೇಳುವುದು ಆಕೆಯ ಕೆಲಸ. ಮಕ್ಕಳು ಆಕೆಯನ್ನು ದನಿಯಕ್ಕ ಎನ್ನುತ್ತಿದ್ದರು.

ಪಕ್ಕದಲ್ಲಿ ಕೂರುವ ಉದ್ದಜಡೆ ಒಂದೇ ವರ್ಷದಲ್ಲಿ ಸನ್ನೆ ಭಾಷೆ ಕಲಿತುಬಿಟ್ಟಿದ್ದಳು. ಪುಣ್ಯ ಬರಲೆಂದಲ್ಲ, ಪಾಠದ ನಡುವೆ ಸದ್ದಿಲ್ಲದೆ ಹರಟಬಹುದಲ್ಲ ಎಂದು. ಶಾಲೆಯಲ್ಲಿ ಚಿಟ್ಟೆಯ ವೇಗಕ್ಕೆ ಕೈಯಾಡಿಸಬಲ್ಲ ಹುಡುಗಿ ಅವಳೊಬ್ಬಳೇ. ಮಿಕ್ಕವರದೆಲ್ಲ "ಚೆನ್ನಾಗಿದೀಯಾ?", "ಊಟ ಆಯ್ತಾ?" ಅನ್ನುವಷ್ಟಕ್ಕೆ ಮುಗಿಯುತ್ತಿತ್ತು.

ತೊಂದರೆ ಶುರುವಾದದ್ದು ಸಿಕ್ಕಿಬಿದ್ದಾಗ. ಹರಟಿದ್ದು ಇಬ್ಬರು, ಶಿಕ್ಷೆ ಒಬ್ಬಳಿಗೆ. ಉದ್ದಜಡೆ ಶಾಲೆ ಬಿಟ್ಟ ಮೇಲೆ ಉಳಿದು, ಬೆಂಚುಗಳ ಅಡಿಗೆ ಅಂಟಿಸಿದ ಬಬಲ್‌ಗಮ್ ಕೆರೆಯಬೇಕು. ಚಿಟ್ಟೆಗೆ ಮಾತ್ರ ಮೇಷ್ಟ್ರ ಒಂದು ಮುಗುಳ್ನಗೆ.

"ನಿನಗೇನಮ್ಮ, ಮಹಾರಾಣಿ!" ಉದ್ದಜಡೆಯ ಕೈಗಳು ಸಿಡುಕಿದವು. "ತಪ್ಪಲ್ಲಿ ಪಾಲು, ಗಮ್ಮಲ್ಲಿ ಇಲ್ಲ."

"ನಾನೇನು ಮಾಡ್ಲಿ? ನನಗೂ ಬೈಯಿರಿ ಅಂತ ಕಾಲು ಹಿಡೀಲಾ?"

"ಹಿಡಿ. ಅಲ್ಲೀವರೆಗೂ ನನ್ನ ಹತ್ರ ಬರಬೇಡ."

ಅಂದವಳೇ ಚೀಲ ಎತ್ತಿಕೊಂಡು ಕಿಟಕಿ ಪಕ್ಕದ ಬೆಂಚಿಗೆ ಹೋಗಿ, ಜಡೆ ತಿರುಗಿಸಿ ಕೂತಳು. ಕೈಮಾತಿನವರಿಗೆ ಬೆನ್ನು ತಿರುಗಿಸುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಮಧ್ಯಾಹ್ನ ಚಿಟ್ಟೆ ಒಬ್ಬಳೇ ಊಟ ಮಾಡಿದಳು.

ಮಕ್ಕಳ ಮನಸ್ಸು ನೋಡಿಕೊಳ್ಳಲೆಂದೇ ಶಾಲೆಯಲ್ಲಿ ಒಬ್ಬ ಕೌನ್ಸೆಲರ್ ಮೇಡಂ ಇದ್ದರು. ಕೂತರೆ ಏಳಲಾಗದಂಥ ಮೆತ್ತೆಗಳು, ಮೀನಿನ ತೊಟ್ಟಿ, ಮೋಡ ಬಿಡಿಸಿದ ಗೋಡೆ ಇರುವ ಕೋಣೆ ಅವರದು. ಚಿಟ್ಟೆ ದನಿಯಕ್ಕನನ್ನು ಕರೆದುಕೊಂಡು ಅಲ್ಲಿಗೇ ಹೋದಳು.

"ಮೇಡಂ, ನನಗೆ ಶಿಕ್ಷೆ ಬೇಕು" ಎಂದಿತು ದನಿಯಕ್ಕನ ಬಾಯಿ.

ಮೇಡಂ ಕಣ್ಣು ಒದ್ದೆಯಾಯಿತು. ಅವರು ದನಿಯಕ್ಕನ ಕಡೆ ಬಾಗಿ, "ಪಾಪ, ತಾನು ಕೆಟ್ಟವಳು ಅಂದ್ಕೊಂಡಿದಾಳಾ? ಕೇಳಿ ಅವಳನ್ನ" ಎಂದರು.

"ಕೆಟ್ಟವಳೇ ಮೇಡಂ. ದಿನಾ ಹರಟೆ ಹೊಡೀತೀನಿ."

"ಎಷ್ಟು ಪ್ರಾಮಾಣಿಕ ಮಗು!" ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. ಹಿಂಡಿಕೊಳ್ಳಲು ಒಂದು ಮೆತ್ತನೆಯ ಚೆಂಡು ಕೊಟ್ಟರು. ಸಾಲದ್ದಕ್ಕೆ, ಪಾಠ ಬೇಸರವಾದಾಗಲೆಲ್ಲ ಎದ್ದು ಮೀನು ನೋಡಲು ಬರಬಹುದೆಂಬ ಅಪ್ಪಣೆಯನ್ನೂ ಕೊಟ್ಟುಬಿಟ್ಟರು.

ಶಿಕ್ಷೆ ಕೇಳಲು ಹೋದವಳು ವರ ಪಡೆದು ಬಂದಳು. ಸುದ್ದಿ ತರಗತಿ ತಲುಪಿದ ಮೇಲೆ ಉದ್ದಜಡೆ ಇನ್ನೂ ಒಂದು ಬೆಂಚು ದೂರ ಸರಿದಳು.

ಮರುದಿನ ಮೊದಲ ಪಾಠ ಚರಿತ್ರೆ ಮೇಷ್ಟ್ರದು. ಆ ಮೇಷ್ಟ್ರ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು, ತುಟಿ ನೋಡಿ ಮಾತು ಹಿಡಿಯಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಅವರ ಪಾಠದಲ್ಲಿ ಒಬ್ಬ ರಾಜ ಒಂದು ವಾರದಿಂದ ಮರಣಶಯ್ಯೆಯಲ್ಲಿದ್ದ. ಚಿಟ್ಟೆ ಕೈಯೆತ್ತಿ, ದನಿಯಕ್ಕನಿಗೆ ಸನ್ನೆ ಮಾಡಿದಳು: "ಇದನ್ನ ಜೋರಾಗಿ ಹೇಳು. ಒಂದಕ್ಷರ ಬಿಡಬಾರದು."

ಮುಂದಿನ ಸನ್ನೆಗಳನ್ನು ನೋಡಿ ದನಿಯಕ್ಕ ಒಮ್ಮೆ ಮೇಷ್ಟ್ರ ಮೀಸೆಯತ್ತ ಕಣ್ಣು ಹಾಯಿಸಿದಳು. ಆದರೆ ಕೆಲಸವೆಂದರೆ ಕೆಲಸ. ಮಗು ಹೇಳಿದ್ದಕ್ಕೆ ಉಪ್ಪು ಖಾರ ಬೆರೆಸುವಂತಿಲ್ಲ, ಕಡಿಮೆ ಮಾಡುವಂತೆಯೂ ಇಲ್ಲ.

"ಸರ್, ಈ ರಾಜ ಯಾವಾಗ ಸಾಯ್ತಾನೆ? ನಾವೇ ಮೊದಲು ಹೋಗ್ತೀವೋ ಏನೋ! ಜೊತೆಗೆ ನಿಮ್ಮ ಮೀಸೆ ನಿಮ್ಮ ಬಾಯನ್ನ ನುಂಗಿ ಹಾಕಿದೆ. ನಾಳೆ ಮೂಗಿನ ಸರದಿ."

ಮೇಷ್ಟ್ರು ಕೆಂಪಗಾಗಿ ದನಿಯಕ್ಕನ ಮೇಲೆ ಹರಿಹಾಯ್ದರು. "ಏನ್ರೀ ಮೇಡಂ ಇದು!"

"ನನ್ನ ಮಾತಲ್ಲ ಸರ್, ಅವಳದು. ಅವಳನ್ನೇ ಕೇಳಿ."

ಮೇಷ್ಟ್ರ ಕೋಪ ಸರ್ರನೆ ಇಳಿಯಿತು. "ಓಹ್, ಅವಳಾ? ಪರವಾಗಿಲ್ಲ ಅಂತ ಹೇಳಿ. ತಮಾಷೆಗೆ ಅಂದಿದಾಳೆ, ಪಾಪ."

ಚಿಟ್ಟೆಯ ಮುಖ ಬಾಡಿತು. ಅಷ್ಟರಲ್ಲಿ ಕಿಟಕಿ ಪಕ್ಕದ ಬೆಂಚು ಕಿರುಗುಟ್ಟಿತು. ಉದ್ದಜಡೆ ಎದ್ದು ನಿಂತಿದ್ದಳು; ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಕೇಳಿದಳು:

"ಸರ್, ನಾನು ಹಾಗಂದಿದ್ರೆ ಪರವಾಗಿಲ್ಲ ಅಂತಿದ್ರಾ?"

ಮೇಷ್ಟ್ರು ಪುಸ್ತಕ ಕೆಳಗಿಟ್ಟರು. ಆ ವರ್ಷವೆಲ್ಲ ಅವರು ಚಿಟ್ಟೆಗೆ ಹೇಳಿದ್ದೆಲ್ಲ ದನಿಯಕ್ಕನ ಮುಖ ನೋಡಿಕೊಂಡೇ. ಈಗ ನಿಧಾನವಾಗಿ ನಡೆದು ಬಂದು ಚಿಟ್ಟೆಯ ಬೆಂಚಿನೆದುರು ನಿಂತರು. ಏನು ಹೊಳೆಯಿತೋ, ಎರಡು ಬೆರಳಲ್ಲಿ ಮೀಸೆಯನ್ನು ಪರದೆಯಂತೆ ಎತ್ತಿ ಹಿಡಿದು, ತುಟಿ ಕಾಣುವಂತೆ ಅವಳ ಮುಖಕ್ಕೇ ಹೇಳಿದರು:

"ತಲೆಹರಟೆ! ದೊಡ್ಡವರ ಮುಂದೆ ಹೀಗಾ ಮಾತಾಡೋದು? ನಾನು ಗಂಟಲು ಹರ್ಕೊಂಡು ಪಾಠ ಮಾಡ್ತಿದ್ರೆ ನಿನಗೆ ಮೀಸೆ ಬೇಕಾ? ಸಂಜೆ ಇಲ್ಲೇ ಇರ್ತೀಯ. ಎಲ್ಲಾ ಬೆಂಚೂ ಕೆರೀಬೇಕು!"

ದನಿಯಕ್ಕ ಕೈ ಎತ್ತಲು ಹೋದಳು. ಚಿಟ್ಟೆ ತಲೆಯಾಡಿಸಿ ಬೇಡವೆಂದಳು. ಅವಳ ಕಣ್ಣು ಆ ತುಟಿಗಳಿಂದ ಕದಲಲಿಲ್ಲ. ಕೆಲವು ಪದ ತಪ್ಪಿಹೋದವು, ಆದರೆ ಬಿಸಿ ಪೂರ್ತಿ ತಲುಪಿತು. ಕೆನ್ನೆ ಉರಿಯಿತು. ಕೇಳಿ ಪಡೆದ ಬೈಗುಳವೂ ಇಷ್ಟು ಚುರುಕಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ನೀನೂ ಇರು," ಮೇಷ್ಟ್ರು ಉದ್ದಜಡೆಯತ್ತ ತಿರುಗಿದರು. "ಕೇಳದೆ ಎದ್ದು ನಿಂತಿದ್ದಕ್ಕೆ."

ಸಂಜೆ ಖಾಲಿ ತರಗತಿಯಲ್ಲಿ ಇಬ್ಬರೂ ಬೆಂಚುಗಳನ್ನು ತಲೆಕೆಳಗು ಮಾಡಿ, ಕೈಗೊಂದು ಸ್ಟೀಲ್ ಸ್ಕೇಲ್ ಹಿಡಿದು ಕೂತರು. ಉದ್ದಜಡೆ ಬೆಂಚುಗಳನ್ನೆಲ್ಲ ಒಂದು ಸುತ್ತು ಪರೀಕ್ಷಿಸಿ, ಎಲ್ಲಕ್ಕಿಂತ ಹೊಲಸಾದದ್ದನ್ನು ಚಿಟ್ಟೆಯ ಮುಂದೆ ಎಳೆದುಹಾಕಿದಳು.

"ಇದು ನಿಂದು."

"ಮೊದಲನೇ ದಿನಾನೇ ಇದಾ? ನೀನು ಸ್ವಲ್ಪ ಸಹಾಯ ಮಾಡಬಾರದಾ?"

"ಮಾಡಲ್ಲ."

ಚಿಟ್ಟೆ ಕೆರೆದಳು. ಗಮ್ ಕಲ್ಲಾಗಿತ್ತು. ಎರಡು ಸಲ ಕೆರೆಯುವುದು, ಸ್ಕೇಲ್ ಕೆಳಗಿಡುವುದು, ಮೇಷ್ಟ್ರು ಮೀಸೆ ಎತ್ತಿದ್ದನ್ನು ಅಭಿನಯಿಸಿ ತೋರಿಸುವುದು, ಮತ್ತೆ ಎರಡು ಸಲ ಕೆರೆಯುವುದು. ಉದ್ದಜಡೆ ನಕ್ಕೂ ನಕ್ಕೂ ಬೆಂಚಿಗೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ಚಿಟ್ಟೆ ಮುಖ ಹಿಂಡಿಕೊಂಡು ಬೆರಳು ಕೊಡವಿದಳು.

"ಕೈ ನೋಯ್ತಿದೆ ಕಣೆ."

"ನೋಯ್ದೆ ಇನ್ನೇನಾಗುತ್ತೆ?" ಎಂದಳು ಉದ್ದಜಡೆ. "ಬಂದಾಗಿಂದ ಬರೀ ಮಾತೇ ಆಯ್ತು. ಸುಮ್ನೆ ಕೆರಿ."