ಕಿತ್ತೆಸೆದ ಕಡಪ ಕಲ್ಲಿನ ಸೇಡು

ನಾನು ಒಂದು ಕಡಪ ಕಲ್ಲು. ಬಣ್ಣ ಕಪ್ಪು, ಉದ್ದ ಆರಡಿ, ಅಗಲ ಎರಡಡಿ. ಸಿಟ್ಟು ಎಷ್ಟಿದೆ ಎಂದು ಯಾರೂ ಅಳೆದಿಲ್ಲ. ಚಿಂತಾಮಣಿಯ ಒಂದು ಮನೆಯ ಹಿತ್ತಲಲ್ಲಿ, ನುಗ್ಗೆ ಮರದ ಕೆಳಗೆ ಇದ್ದೇನೆ. ನನ್ನನ್ನು ಇಲ್ಲಿಗೆ ತಂದು ಹಾಕಿದವನು ಮನೆಯ ಯಜಮಾನ ವೆಂಕಟರವಣಪ್ಪ. ಅವನನ್ನು ನಾನು ಕ್ಷಮಿಸಿಲ್ಲ. ಕೊನೆಯಲ್ಲಿ ಕ್ಷಮಿಸುತ್ತೇನೆಂದು ಕಾದು ಕೂರಬೇಡಿ.

ನಾನು ಹುಟ್ಟಿದ್ದು ಗಡಿಯಾಚೆಯ ಗಣಿಯಲ್ಲಿ. ನೆಲದೊಳಗೆ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಮಲಗಿದ್ದೆವು. ಉಳಿ ಇಟ್ಟು ನಮ್ಮನ್ನು ಬೇರೆ ಮಾಡಿದರು, ಒಂದು ಮೈ ಉಜ್ಜಿ ನುಣುಪು ಮಾಡಿದರು, ಲಾರಿಯಲ್ಲಿ ನಿಲ್ಲಿಸಿ ಕಳಿಸಿದರು. ದಾರಿಯಲ್ಲಿ ನನ್ನ ಎಡಬಲದವರಿಬ್ಬರೂ ಒಡೆದುಹೋದರು. ನಾನು ಉಳಿದು ಈ ಮನೆಯ ಅಡುಗೆ ಕಟ್ಟೆಯಾದೆ.

ಕೂರಿಸಿದವರು ಮೇಸ್ತ್ರಿ ಬಾಬಾಜಾನ್. ಒಳ್ಳೆಯ ಕೈ. ಅವರು ಮೊದಲು ಟೇಪು ಹಿಡಿಯಲಿಲ್ಲ. ಮನೆಯೊಡತಿ ಅಲುವೇಲಮ್ಮನನ್ನು ಕರೆದು, "ಅಮ್ಮಾ, ಇಲ್ಲಿ ನಿಂತ್ಕೊಂಡು ಮುದ್ದೆ ತಿರುವೋ ಹಂಗೆ ಕೈ ಆಡ್ಸಿ" ಅಂದರು. ಅಲುವೇಲಮ್ಮನವರು ನಾಲ್ಕೂವರೆ ಅಡಿ ಎತ್ತರದ ಹೆಂಗಸು. ನಾಚಿಕೊಳ್ಳುತ್ತಲೇ ಗಾಳಿಯಲ್ಲಿ ಮುದ್ದೆ ತಿರುವಿದರು. ಬಾಬಾಜಾನ್ ಗೋಡೆಗೆ ಗೀಟು ಹಾಕಿ ಆಮೇಲೆ ಅಳೆದರು. ಇಪ್ಪತ್ತೇಳು ಇಂಚು.

"ಎಲ್ಲಾರ ಮನೇಲೂ ಮೂವತ್ತೆರಡು ಇಡ್ತೀನಮ್ಮಾ. ಆದ್ರೆ ಇಲ್ಲಿ ಬೇಯ್ಸೋರು ನೀವಲ್ವಾ?"

ಇಪ್ಪತ್ತೆರಡು ವರ್ಷ ನಾನು ಆ ಗೀಟಿನ ಮೇಲೆ ನಿಂತೆ. ರಾಗಿ ಮುದ್ದೆ ತಿರುವುವುದು ಬರೀ ಕೈಯ ಕೆಲಸವಲ್ಲ. ಭುಜದ ಭಾರವೆಲ್ಲ ಕೋಲಿನ ಮೇಲೆ ಬೀಳಬೇಕು, ಇಲ್ಲದಿದ್ದರೆ ಹಿಟ್ಟು ಗಂಟು ಕಟ್ಟುತ್ತದೆ. ಆಕೆ ಪಾತ್ರೆಯ ಮೇಲೆ ಬಾಗಿ ತಿರುವುತ್ತಿದ್ದರು, ನನ್ನ ಮೈಮೇಲೆ ನೀರು ಚಿಮುಕಿಸಿ ಅಲ್ಲೇ ಮುದ್ದೆ ಕಟ್ಟುತ್ತಿದ್ದರು. ಆ ಬಿಸಿ ನನಗೆ ಬಹಳ ಇಷ್ಟವಾಗಿತ್ತು.

ವೆಂಕಟರವಣಪ್ಪ ನಿವೃತ್ತನಾದ. ಮನೆಗೆ ಗೋವಿಂದರೆಡ್ಡಿ ಎಂಬ ಬ್ರೋಕರ್ ಬಂದ. ಐದು ವರ್ಷ ಬಿಟ್ಟು ಮಾರಿದರೆ ಒಳ್ಳೆಯ ರೇಟು ಬರುತ್ತದೆ, ಈಗಿನಿಂದಲೇ ಮನೆ ರೆಡಿ ಮಾಡಿಕೊಳ್ಳಿ ಎಂದ. ನನ್ನನ್ನು ಬೆರಳಿನಿಂದ ಕುಟ್ಟಿ, "ಇದನ್ನ ನೋಡಿದ್ರೆ ತಗೊಳ್ಳೋರು ಬಾಗ್ಲಿಂದಾನೇ ವಾಪಸ್ ಹೋಯ್ತಾರೆ ಸಾರ್" ಎಂದ. ಅಂದಿನಿಂದ ಮನೆಯಲ್ಲಿ ಇಲ್ಲದ ಒಬ್ಬರ ದರ್ಬಾರು ಶುರುವಾಯಿತು. ತಗೊಳ್ಳೋರಿಗೆ ಟೈಲ್ಸು, ತಗೊಳ್ಳೋರ ಕಣ್ಣಿಗೆ ಸೋಫಾ, ತಗೊಳ್ಳೋರ ಮೈಗೆ ಹೊಸ ಬಚ್ಚಲು. ಅಲುವೇಲಮ್ಮನವರು ಕೇಳಿದ್ದು ಒಂದೇ ಮಾತು.

"ಕಲ್ಲು ಯಾವ್ದಾದ್ರೂ ಹಾಕ್ಸ್ರಿ. ಎತ್ತರ ಮಾತ್ರ ಮುಟ್ಟಬೇಡ್ರಿ."

"ತಗೊಳ್ಳೋಳೂ ನಿನ್ನಂಗೆ ಕುಳ್ಳಿ ಆಗಿರ್ತಾಳೇನೆ?" ಎಂದು ಅವನು ನಕ್ಕ. ಕೆಲಸದವರೂ ನಕ್ಕರು. ಆಕೆ ಸೆರಗು ಸರಿಮಾಡಿಕೊಂಡು ಹೊರಗೆ ಹೋದರು.

ಹಾರೆ ಹಾಕಿ ನನ್ನನ್ನು ಎಬ್ಬಿಸಿದರು. ಒಂದು ಮೂಲೆ ಮುರಿಯಿತು. ನನ್ನ ಜಾಗಕ್ಕೆ ಮಿರಮಿರ ಮಿಂಚುವ ಗ್ರಾನೈಟ್ ಬಂತು, ಮೂವತ್ತನಾಲ್ಕು ಇಂಚಿಗೆ. ಅಲುವೇಲಮ್ಮನವರು ಮಣೆಯ ಮೇಲೆ ಹತ್ತಿ ಅಡುಗೆ ಮಾಡತೊಡಗಿದರು. ಒಂದು ಮಧ್ಯಾಹ್ನ ಮುದ್ದೆ ತಿರುವುವಾಗ ಮಣೆ ಜಾರಿತು, ಪಾತ್ರೆಯ ಅಂಚು ತಾಗಿ ಮಣಿಕಟ್ಟು ಸುಟ್ಟಿತು. ಉರಿಯುವ ಕೈಯಲ್ಲೇ ಬಡಿಸಿದರು. ಅವನು ಮುರಿದು ನೋಡಿ, "ಏನೇ ಇದು, ಗಂಟು ಗಂಟು ಐತೆ?" ಎಂದ.

ಆಕೆ ಹಿತ್ತಲಿಗೆ ಬಂದು ಸುಟ್ಟ ಕೈಯನ್ನು ನನ್ನ ತಣ್ಣನೆಯ ಮೈಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತರು. ನಮ್ಮಿಬ್ಬರ ಮನಸ್ಸೂ ಒಂದಾದದ್ದು ಆಗಲೇ.

ಮರುದಿನ ಬೆಳಿಗ್ಗೆ ಆಕೆ ಇಬ್ಬರು ಆಳುಗಳನ್ನು ಕರೆದು ಸಿಮೆಂಟ್ ಇಟ್ಟಿಗೆಗಳ ಮೇಲೆ ನನ್ನನ್ನು ಏರಿಸಿದರು. ಒಲೆ, ಸಿಲಿಂಡರು, ಪಾತ್ರೆ ಎಲ್ಲ ಹೊರಗೆ ಬಂದವು. ವೆಂಕಟರವಣಪ್ಪ ಕಣ್ಣು ಬಿಟ್ಟುಕೊಂಡು ನಿಂತ.

"ಒಳಗೆ ಒಗ್ಗರಣೆ ಹಾಕಿದ್ರೆ ಗ್ರಾನೈಟ್ ಮಂಕಾಯ್ತದೆ. ತಗೊಳ್ಳೋರು ನೋಡ್ತಾರಲ್ವಾ?" ಎಂದರು ಅಲುವೇಲಮ್ಮನವರು.

ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. ಸೋಫಾಗೆ ಪ್ಲಾಸ್ಟಿಕ್ ಸುತ್ತಿದರು. ಹೊಸ ಬಚ್ಚಲಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವನ ಊಟ ಹಿತ್ತಲ ಮೆಟ್ಟಿಲ ಮೇಲೆ, ಸ್ನಾನ ನುಗ್ಗೆ ಮರದ ಕೆಳಗೆ. ನುಗ್ಗೆ ಮರಕ್ಕೆ ಕಂಬಳಿಹುಳು ಹತ್ತುವ ಕಾಲ ಅದು. ಬೆತ್ತಲೆ ಬೆನ್ನಿನ ಮೇಲೆ ಒಂದೊಂದೇ ಉದುರುತ್ತಿದ್ದವು. ಕೆರೆದುಕೊಳ್ಳುತ್ತಾ ಓಡುವಾಗ ಎರಡು ಸಲ ಅವನ ಕಾಲಿನ ಹೆಬ್ಬೆರಳು ನನ್ನ ಇಟ್ಟಿಗೆಗೆ ಬಡಿಯಿತು. ನನಗೆ ಸಂತೋಷವಾಯಿತು. ಮೂರನೆಯ ಸಲಕ್ಕೆ ಕಾದೆ.

ಮೂರು ತಿಂಗಳು ಬಿಗಿದುಕೊಂಡೇ ಇದ್ದ. ಹೆಂಗಸು ಎಷ್ಟು ದಿನ ಹಟ ಮಾಡಿಯಾಳು ಎಂದುಕೊಂಡಿದ್ದ. ಅಷ್ಟರಲ್ಲಿ ಒಂದು ಭಾನುವಾರ ಗೋವಿಂದರೆಡ್ಡಿ ಐದು ವರ್ಷದ ಮಾತು ಮರೆತು, ಹೇಳದೆ ಕೇಳದೆ ಗಿರಾಕಿಗಳನ್ನು ಕರೆತಂದ. ಗಂಡ ಹೆಂಡತಿ, ಇಬ್ಬರೂ ಮೇಷ್ಟ್ರುಗಳು. ಒಂದೂ ಕಲೆಯಿಲ್ಲದ ಅಡುಗೆಮನೆ ನೋಡಿ ಬೆರಗಾದರು. ಹಿತ್ತಲಿಗೆ ಬಂದಾಗ, ಮೈಯೆಲ್ಲ ದದ್ದು ಎದ್ದ ಒಬ್ಬ ಟವೆಲು ಉಟ್ಟು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದ.

"ಇವ್ರು ವಾಚ್‌ಮನ್ನಾ?" ಎಂದು ಆ ಮೇಡಂ ಕೇಳಿದರು.

ಅಲುವೇಲಮ್ಮನವರು ಮುದ್ದೆ ತಿರುವುತ್ತಲೇ ಹೇಳಿದರು: "ಹೂನಮ್ಮಾ. ತಗೊಳ್ಳೋರು ಬರೋಗಂಟ ಮನೆ ಕಾಯ್ಕೊಂಡವ್ರೆ."

ಗೋವಿಂದರೆಡ್ಡಿ ನೆಲ ನೋಡಿದ. ವೆಂಕಟರವಣಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಗಿರಾಕಿಗಳು ಹೋದ ಮೇಲೆ ಅವನು ಕೂಗಾಡಿದ. ಆಕೆ ಒಲೆ ಆರಿಸಿ ಅವನ ಕಡೆ ತಿರುಗಿದರು.

"ಜಾಗ ನಮ್ಮಪ್ಪ ಕೊಟ್ಟಿದ್ದು, ಪತ್ರ ನನ್ನ ಹೆಸರಲ್ಲೈತೆ. ನಾನು ಬದುಕಿರೋಗಂಟ ಈ ಮನೇಲಿ ಇರೋಳು ನಾನು. ಮೊದ್ಲು ಕಟ್ಟೆ ಇಳಿಸ್ರಿ."

ಅವನೇ ಹೋಗಿ ಗ್ರಾನೈಟ್ ಹಾಕಿದವನನ್ನು ಕರೆತಂದ. ಕಟ್ಟೆ ಇಪ್ಪತ್ತೇಳು ಇಂಚಿಗೆ ಇಳಿಯಿತು. ನನ್ನನ್ನು ಒಳಗೆ ಒಯ್ಯುತ್ತಾರೆಂದು ನಾನು ಮೂರು ದಿನ ಆಸೆಪಟ್ಟೆ. ಒಯ್ಯಲಿಲ್ಲ. ಆಕೆಗೆ ಬೇಕಿದ್ದದ್ದು ಎತ್ತರ, ಕಲ್ಲಲ್ಲ. ಆ ದುಃಖ ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ.

ಈಗ ನನ್ನ ಒರಟು ಮೈಯನ್ನು ಮೇಲೆ ಮಾಡಿ, ಒಂದೊಂದೇ ಇಟ್ಟಿಗೆಯ ಮೇಲೆ ಇಳಿಸಿ, ಬಟ್ಟೆ ಒಗೆಯುವ ಕಲ್ಲು ಮಾಡಿದ್ದಾರೆ. ಮುದ್ದೆಗೆ ಭುಜ ಸಾಕು, ಆದರೆ ಬಟ್ಟೆ ಹಿಂಡಲು ಆಕೆಯ ಸುಟ್ಟ ಮಣಿಕಟ್ಟು ತಿರುಗುವುದಿಲ್ಲವಾದ್ದರಿಂದ ಒಗೆಯುವವನು ವೆಂಕಟರವಣಪ್ಪ. ಆರಡಿಯ ಆಳು. ಎರಡಾಗಿ ಬಾಗಬೇಕು. ಮೊನ್ನೆ ಸೊಂಟ ಹಿಡಿದುಕೊಂಡು ಕಿಟಕಿಯ ಕಡೆ ನೋಡಿ, "ಅಲುವೇಲೂ, ಈ ಕಲ್ಲು ಒಂಚೂರು ಎತ್ತರ ಮಾಡ್ಸೋಣ ಕಣೆ, ಸೊಂಟ ಬಿದ್ದೋಗ್ತಾ ಐತೆ" ಎಂದು ಬೇಡಿದ.

ಒಳಗೆ ಮುದ್ದೆ ಕೋಲಿನ ಸದ್ದು ನಿಂತಿತು.

"ಬೇಡ್ರಿ. ತಗೊಳ್ಳೋರಿಗೆ ಅಷ್ಟೇ ಎತ್ತರ ಇಷ್ಟ ಆಯ್ತದೆ."

ಅವನು ಮತ್ತೆ ಬಾಗಿದ. ನನಗೆ ವಯಸ್ಸಾಗಿದೆ, ಮೂಲೆ ಮುರಿದಿದೆ, ಮೈಗೆ ಪಾಚಿ ಹತ್ತುತ್ತಿದೆ. ಆದರೂ ಇನ್ನೂ ನೂರು ವರ್ಷ ಸವೆಯುವ ಕಲ್ಲಲ್ಲ ನಾನು. ಒಗೆಯಲಿ.