ತುಂಬಿದ ಬಕೆಟ್ಟಿನ ಶಕುನ

ಸುಟ್ಟ ದಪ್ಪ ಮೆಣಸಿನಕಾಯಿಯ ಸಿಪ್ಪೆಯನ್ನು ಬಿಸಿಯಿರುವಾಗಲೇ ಬಿಡಿಸಬೇಕು. ಆರಿತೋ, ತಿರುಳಿಗೇ ಅಂಟಿಕೊಂಡು ಬಿಡುತ್ತದೆ. ಲಿವಿಯು ಪುರ್ಕಾರ್ ಅಂಗಳದಲ್ಲಿ ಮೋಟು ಸ್ಟೂಲಿನ ಮೇಲೆ ಕೂತು, ಬೆರಳ ತುದಿಗಳನ್ನು ಊದಿಕೊಳ್ಳುತ್ತ ಸಿಪ್ಪೆ ಎಳೆಯುತ್ತಿದ್ದ. ಎದುರಿಗೆ ಅತ್ತೆ ವೆತಾ ಕಾದ ತಗಡಿನ ಮೇಲೆ ಬದನೆಕಾಯಿ ಹೊರಳಿಸುತ್ತಿದ್ದಳು. ಹೆಂಡತಿ ಓತಿಲಿಯಾ ದೊಡ್ಡ ಕಡಾಯಿಯಲ್ಲಿ ಈರುಳ್ಳಿ ಬಾಡಿಸುತ್ತಿದ್ದಳು. ಅಕ್ಟೋಬರ್ ಬಂತೆಂದರೆ ಆ ಬೀದಿಯ ಎಲ್ಲ ಅಂಗಳಗಳಿಂದಲೂ ಇದೇ ಹೊಗೆ. ಚಳಿಗಾಲಕ್ಕೆ ಜಕುಸ್ಕ ಎಂಬ ಈ ತರಕಾರಿ ಗೊಜ್ಜು ತುಂಬಿದ ಸೀಸೆಗಳಿಲ್ಲದ ಮನೆಯೂ ಒಂದು ಮನೆಯೆ?

"ನಿಧಾನ ಕಣಪ್ಪ, ಅರ್ಧ ತಿರುಳು ಸಿಪ್ಪೆ ಜೊತೇಲೇ ಹೋಗ್ತಾ ಐತೆ," ಅಂದಳು ವೆತಾ. "ಕಾಲಲ್ಲಿ ಬಿಡಿಸು ಅಂದಿದ್ರೆ ಚೆನ್ನಾಗಿ ಬಿಡಿಸ್ತಿದ್ದೆಯೇನೋ."

"ಮುಂದಿನ ವರ್ಷ ಕಾಲಲ್ಲೇ ಬಿಡಿಸ್ತೀನಿ ಬಿಡಿ ಅತ್ತೆ. ಆಟ ಬಿಟ್ಟಿರ್ತೀನಲ್ಲ, ಬೇಕಾದಷ್ಟು ಬಿಡುವು."

ವೆತಾ ಬದನೆಕಾಯಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು.

ಲಿವಿಯು ಫುಟ್‌ಬಾಲ್ ಆಟ ಶುರುಮಾಡಿದ್ದು ಸಕ್ಕರೆ ಕಾರ್ಖಾನೆಯ ತಂಡದಲ್ಲಿ. ಆಮೇಲೆ ಬುಖಾರೆಸ್ಟಿನ ದೊಡ್ಡ ತಂಡವೊಂದು ಕರೆಸಿಕೊಂಡಿತು. ಅಲ್ಲಿ ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಸರ್ಕಾರ ಬಿದ್ದು ಗಡಿ ತೆರೆದ ಮೇಲೆ ಗ್ರೀಸಿನಲ್ಲಿ ಒಂದು ಚಳಿಗಾಲ ಆಡಿ, ಮನೆಯ ಸೂಪು ನೆನಪಾಗಿ ವಾಪಸು ಬಂದ. ಅಂದಿನಿಂದ ಮುರೆಶ್ ನದಿಯ ದಂಡೆಯ ಈ ಊರಿನ ತಂಡಕ್ಕೆ ನಡುಮೈದಾನದ ಆಟಗಾರ. ಹಿಂದಿನವರು ಕೊಟ್ಟ ಚೆಂಡನ್ನು ಮುಂದಿನವರಿಗೆ ತಲುಪಿಸುವುದು ಅವನ ಕೆಲಸ. ಗೋಲು ಹೊಡೆದವನನ್ನು ಊರು ಹೆಗಲ ಮೇಲೆ ಹೊತ್ತಾಗ ಅವನು ಪಕ್ಕದಲ್ಲಿ ನಿಂತು ಕಾಲುಚೀಲ ಸರಿಮಾಡಿಕೊಳ್ಳುತ್ತಿದ್ದ. ಅದರಲ್ಲಿ ಅವನಿಗೆ ಯಾವ ಕೊರಗೂ ಇರಲಿಲ್ಲ.

ಆದರೆ ಈಚೆಗೆ ಚೆಂಡು ಬೀಳುವ ಜಾಗಕ್ಕೆ ಅವನು ಒಂದುಸಿರು ತಡವಾಗಿ ಹೋಗುತ್ತಿದ್ದ. ಅದು ಬೇರೆ ಯಾರ ಕಣ್ಣಿಗೂ ಇನ್ನೂ ಬಿದ್ದಿರಲಿಲ್ಲ. ಬೀಳುವ ಮೊದಲೇ, ಚಪ್ಪಾಳೆ ಇರುವಾಗಲೇ, ತಾನಾಗಿ ಬಿಟ್ಟುಬಿಡಬೇಕೆಂಬುದು ಅವನ ಆಸೆ. ಜಿಲ್ಲಾ ಪಟ್ಟಣದಲ್ಲಿ ಕೋಚುಗಳಿಗೆ ತರಗತಿ ನಡೆಸುತ್ತಾರೆ. ಅಲ್ಲಿ ಅವನಿಗೊಂದು ಜಾಗ ಇಟ್ಟಿದ್ದರು. ಆದರೆ ಇನ್ನೂ ಆಟಗಾರರ ಪಟ್ಟಿಯಲ್ಲಿರುವವರನ್ನು ಸೇರಿಸಿಕೊಳ್ಳುವುದಿಲ್ಲ. 'ಇನ್ನು ಆಡುವುದಿಲ್ಲ, ತರಗತಿಗೆ ಬರುತ್ತೇನೆ' ಎಂದು ಬರೆದ ಕಾಗದ ಬೇಸಿಗೆಯಿಂದಲೂ ರೇಡಿಯೋದ ಹಿಂದೆ ಕೂತಿತ್ತು. ಈ ದಿನದ ಟಪಾಲಿಗೆ ಹೋಗದಿದ್ದರೆ ಆ ಜಾಗ ಇನ್ನೊಬ್ಬರ ಪಾಲು.

ಹೋಗದೇ ಇದ್ದದ್ದಕ್ಕೆ ಕಾರಣ ಬಕೆಟ್ಟು. ಮನೆ ಬಿಟ್ಟು ಹೊರಟವನಿಗೆ ತುಂಬಿದ ಬಕೆಟ್ ಎದುರಾದರೆ ಹೋದ ಕೆಲಸ ಆದ ಹಾಗೆ. ಖಾಲಿಯದು ಎದುರಾದರೆ ತಿರುಗಿ ಬಂದು ಕೂರುವುದೇ ವಾಸಿ. ಭಾನುವಾರ ಭಾನುವಾರ ಲಿವಿಯು ಆಟಕ್ಕೆ ಹೊರಟಾಗ ವೆತಾ ಬೀದಿಯ ಬಾವಿಯಿಂದ ನೀರು ಸೇದಿ, ತುಳುಕುವ ಬಕೆಟ್ ಹಿಡಿದು ಎದುರು ಬರುತ್ತಿದ್ದಳು. ಅವನು ಅದರೊಳಗೆ ಒಂದು ನಾಣ್ಯ ಹಾಕಿ ಮುಂದೆ ಹೋಗುತ್ತಿದ್ದ. ಬೀದಿಗೆ ಬೀದಿಯೇ ಬೇಲಿಯ ಬಳಿ ನಿಂತು ನೋಡುತ್ತಿತ್ತು. ತಂಡ ಗೆದ್ದರೆ ಬೇಕರಿಯವಳು ವೆತಾಳ ಕೈಗೆ ಬಿಸಿ ಬ್ರೆಡ್ಡು ಕೊಟ್ಟು, "ಇವತ್ತಿನ ಗೋಲು ನಿಂದೇ ಕಣಕ್ಕ," ಅನ್ನುತ್ತಿದ್ದಳು.

ಕಾಗದ ಹಿಡಿದು ಹೊರಟಾಗಲೆಲ್ಲ ಮಾತ್ರ ಅದೇ ವೆತಾ, ಅದೇ ಬಕೆಟ್ಟು, ಆದರೆ ಖಾಲಿ. ಲಿವಿಯು ಎಡಗಾಲಿನ ಬೂಟು ಮೊದಲು ಹಾಕದೆ ಮೈದಾನಕ್ಕಿಳಿಯುವವನಲ್ಲ. ಪ್ರತಿ ಸಲವೂ ತಿರುಗಿ ಬಂದಿದ್ದ.

ಓತಿಲಿಯಾ ಸೌಟು ಕಡಾಯಿಯ ಅಂಚಿಗೆ ಬಡಿದಳು. "ಅಮ್ಮ, ಒಂದು ಮಾತು ಕೇಳ್ತೀನಿ. ಭಾನುವಾರ ಅಷ್ಟು ನೀರಿರೋ ಬಾವಿ, ಇವರು ಪೋಸ್ಟಿಗೆ ಹೊರಟ ದಿನಾನೇ ಬತ್ತೋಗುತ್ತಾ?"

"ನಂಗೇನೇ ಗೊತ್ತು? ಬಾವೀನ ಕೇಳು."

"ಬಾವೀನ ಕೇಳಿದ್ರೆ ನಿನ್ ಹೆಸರೇ ಹೇಳುತ್ತೆ."

ಲಿವಿಯು ತಲೆ ಎತ್ತಿದ. ವೆತಾಳ ಕೆನ್ನೆ ಬೆಂಕಿಯ ಝಳಕ್ಕಿಂತ ಹೆಚ್ಚು ಕೆಂಪಾಗಿತ್ತು. "ಅತ್ತೆ! ಬೇಕಂತಲೇನಾ?"

"ಹೂಂ, ಬೇಕಂತಲೇ. ಏನೀಗ?" ಆಕೆ ಇಕ್ಕಳ ಕೆಳಗಿಟ್ಟಳು. "ನಿಮ್ಮಾವ ಹೋದ್ಮೇಲೆ ಈ ಬೀದೀಲಿ ನನ್ನ ಯಾರು ಮಾತಾಡಿಸ್ತಿದ್ರು? ಈಗ ಭಾನುವಾರ ಆದ್ರೆ ಪಾದ್ರಿಗಳೂ ನಿಂತು ಕೇಳ್ತಾರೆ, ನೀರು ಸೇದಿದ್ಯಾ ವೆತಾ ಅಂತ. ನೀನು ಮನೇಲಿ ಕೂತ್ರೆ ನಾನು ಯಾರಿಗೆ ಎದುರು ಬರ್ಲಿ? ಕೋಳಿಗಳಿಗಾ?"

ಓತಿಲಿಯಾಗೆ ನಗು ತಡೆಯಲಾಗಲಿಲ್ಲ. ಲಿವಿಯು ನಗಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಪೂರ್ತಿ ಬಿಡಿಸಿ, ತಟ್ಟೆಯಲ್ಲಿಟ್ಟು, ಕೈ ತೊಳೆದುಕೊಂಡು ಬಂದ.

"ಕೋಚ್ ಆದವನು ಭಾನುವಾರ ಮನೇಲಿ ಕೂರ್ತಾನೆ ಅಂತ ನಿಮಗೆ ಯಾರು ಹೇಳಿದ್ದು? ವಸಂತಕ್ಕೆ ಹನ್ನೊಂದು ಹುಡುಗ್ರನ್ನ ಕಟ್ಕೊಂಡು ಈ ಗೇಟಿಂದಲೇ ಹೊರಡ್ತೀನಿ. ಅಷ್ಟೂ ಜನಕ್ಕೆ ನೀವೇ ಎದುರು ಬರ್ಬೇಕು."

ವೆತಾ ಬೆರಳು ಮಡಿಸಿ ಎಣಿಸಿದಳು. "ಹನ್ನೊಂದು ಜನಾನೂ ಕಾಸು ಹಾಕ್ತಾರಾ?"

"ಹಾಕದೆ ಇದ್ದೋನ್ನ ಆಡ್ಸಲ್ಲ."

"ಗೆದ್ದಾರು ಅಂತೀಯಾ?"

"ಮೊದಮೊದಲು ಸೋಲ್ತಾರೆ. ಬೇಕರಿಯವಳು ಬ್ರೆಡ್ ಕೊಡಲ್ಲ, ಅಷ್ಟೇ."

"ಅವಳ ಬ್ರೆಡ್ಡೇನು, ನಡುವೆ ಹಸಿ ಹಸಿ," ಎಂದು ವೆತಾ ಏಪ್ರನ್ ಬಿಚ್ಚಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ನಡೀರಿ. ನೀವು ನನ್ನ ಜೊತೇಲೇ ಬಂದ್ರೆ ಎದುರಿಗೆ ಬರೋಕಾಗಲ್ಲವಲ್ಲ."

ಆಕೆ ಭಾನುವಾರ ಕಟ್ಟುವ ತಲೆವಸ್ತ್ರ ಹುಡುಕಿ ಕಟ್ಟಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಲಿವಿಯು ಗೇಟಿನ ಬಳಿ ಗಡಿಯಾರ ನೋಡುತ್ತ ನಿಂತಿದ್ದ; ಬೇಗ ಬನ್ನಿ ಅನ್ನಲಿಲ್ಲ. ಪಾಪ್ಲರ್ ಮರಗಳ ದಾರಿಯಲ್ಲಿ ಇಬ್ಬರೂ ನಡೆದರು. ಮೈದಾನದ ಹತ್ತಿರ ಬಂದಾಗ ವೆತಾ ನಿಂತು, ತಂತಿಬೇಲಿಯ ಆಚೆ ನೋಡಿದಳು. ಸುಣ್ಣದ ಗೆರೆಗಳು ಮಾಸಿಹೋಗಿದ್ದವು.

"ನಿಂಗೆ ಬೇಜಾರಿಲ್ವೇನೋ?"

"ಇದೆ ಅತ್ತೆ. ಆದ್ರೆ ಚೆಂಡು ಕೊಡೋದು ನಂಗೆ ಹೊಸದಲ್ಲವಲ್ಲ."

ಅಂಚೆ ಕಚೇರಿಯ ಬಾಗಿಲು ಇನ್ನೂ ತೆರೆದಿತ್ತು. ಹೊರಗೋಡೆಯ ಕೆಂಪು ಡಬ್ಬಿಯ ಪಕ್ಕದಲ್ಲೇ ಟಪಾಲು ವ್ಯಾನು ನಿಂತಿತ್ತು. ಚಾಲಕ ಬಾನೆಟ್ಟಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ. ಲಿವಿಯು ಕಾಗದ ತೆಗೆದ. ಬೇಸಿಗೆಯ ಬಿಸಿಲಿಗೆ ಲಕೋಟೆಯ ಒಂದು ಅಂಚು ಹಳದಿಯಾಗಿತ್ತು.

"ಇಲ್ಲಿ ಕೊಡು," ಅಂದಳು ವೆತಾ.

ಡಬ್ಬಿಯ ಬಾಯಿ ಆಕೆಗೆ ಎತ್ತರ. ತುದಿಗಾಲಲ್ಲಿ ನಿಂತು ಕಾಗದವನ್ನು ಅರ್ಧ ತೂರಿಸಿ, ಅಲ್ಲೇ ಹಿಡಿದುಕೊಂಡಳು.

"ಬಿಡ್ಲೇನೋ?"

"ಬಿಡಿ ಅತ್ತೆ."

ಬಿಟ್ಟಳು. ಒಳಗೆ ಬೇರೆ ಕಾಗದಗಳ ಮೇಲೆ ಅದು ಬಿದ್ದ ಸದ್ದು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗಿತ್ತು. ವೆತಾ ಕೂಡಲೇ ಕೈ ತೆಗೆಯಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬೆಚ್ಚಗಾಗಿದ್ದ ಆ ತಗಡಿನ ಮೇಲೆ, ಮಲಗಿದ ಹಸುವಿನ ಬೆನ್ನ ಮೇಲೆ ಇಡುವ ಹಾಗೆ, ಅಂಗೈ ಇಟ್ಟುಕೊಂಡು ನಿಂತಳು.