ಎಸ್ತೆಲಾದ ಎಂಬತ್ತು ಕುದುರೆಗಳು

ಎಲ್ಸಿರಾ ಮೂರನೆಯ ಸಲ ಅಳೆದಳು. ಲಾಂಚಿನ ಡೀಸೆಲ್ ಟ್ಯಾಂಕಿನ ಗಾಜುಕೊಳವೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಂಜಿನ್ನನ್ನು ಪೂರ್ತಿ ವೇಗಕ್ಕೆ ಏರಿಸಿ, ಹತ್ತು ನಿಮಿಷ ಗಡಿಯಾರ ನೋಡಿದಳು. ಮತ್ತೆ ಏಳೂವರೆ ಲೀಟರು. ಅಷ್ಟು ಕುಡಿಯುವ ಎಂಜಿನ್ನು ಇನ್ನೂರ ಇಪ್ಪತ್ತೈದು ಅಶ್ವಶಕ್ತಿಯನ್ನಾದರೂ ಕೊಡುತ್ತಿರಬೇಕು. ಇಂಧನ ಪಂಪಿನ ಅಳತೆಪಟ್ಟಿಯ ಲೆಕ್ಕ ಇನ್ನೂರ ಹದಿನೆಂಟು ಎನ್ನುತ್ತಿತ್ತು, ಹೊಗೆಯ ಬಿಸಿಯ ಲೆಕ್ಕ ಇನ್ನೂರ ಮೂವತ್ತೊಂದು. ಹೊಸದಾಗಿದ್ದಾಗಲೇ ಅದರ ಶಕ್ತಿ ಇನ್ನೂರ ನಲವತ್ತು.

ಆದರೆ ಲಾಂಚು ಓಡುತ್ತಿರಲಿಲ್ಲ. ಕಳೆದ ವರ್ಷ ಗಂಟೆಗೆ ಎಂಟು ಮೈಲಿ ಹೋಗುತ್ತಿದ್ದ ‘ಎಸ್ತೆಲಾ’ ಈಗ ಐದೂವರೆಗೇ ಏದುಸಿರು ಬಿಡುತ್ತಿತ್ತು. ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಎಂಬತ್ತು ಅಶ್ವಶಕ್ತಿಯೂ ಸಿಗದು. ಒಂದೇ ಎಂಜಿನ್ನು, ಒಂದೇ ಬೆಳಗು, ಎರಡು ಉತ್ತರ.

“ಎಲ್ಲಾದ್ರೂ ಸೋರ್ತಿದೆಯಾ ಮಾವ?”

ಅರ್ಸೇನಿಯೊ ಚಿಗುವಾಯ್ ಮೂವತ್ತೊಂದು ವರ್ಷದಿಂದ ಈ ಎಂಜಿನ್ನು ನೋಡಿಕೊಂಡವನು, ಅವಳ ಸೋದರಮಾವ. ಅವನು ತನ್ನ ಅಂಗೈಯನ್ನು ಕೊಳವೆಯ ಕೆಳಗೆಲ್ಲ ಎಳೆದು, ಅವಳ ಮೂಗಿನ ಮುಂದೆ ಹಿಡಿದ. ಒಣಗಿತ್ತು.

“ಸೋರೋಕೆ ಬಿಡ್ತೀನಾ ನಾನು? ಇವಳು ತಾನು ಕೊಡೋದನ್ನೆಲ್ಲ ಕೊಡ್ತಿದಾಳೆ ಮಗಳೇ. ಅದು ಎಲ್ಲಿಗೆ ಹೋಗ್ತಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ.”

ಲಾಂಚು ಇಡೀ ದ್ವೀಪದ ಸೊತ್ತು; ಮಧ್ಯಾಹ್ನ ದಡದಲ್ಲಿ ಅದರ ಬಗ್ಗೆ ದ್ವೀಪದವರ ಸಭೆ ಇತ್ತು. ಎಂಜಿನ್ನು ಸೊರಗಿದೆಯೆಂದು ಎಲ್ಸಿರಾಳ ಲೆಕ್ಕ ಹೇಳಿದರೆ ಅದನ್ನು ಕೆಡಿಸಿದವನು ಅರ್ಸೇನಿಯೊ. ಅವನನ್ನು ಇಳಿಸಿ ಬೇರೊಬ್ಬನನ್ನು ಇಡಬೇಕು ಎಂದು ಲಾಂಚಿನ ಕ್ಯಾಪ್ಟನ್ ದೊನ್ ಫಿದೆಲ್ಮೊ ಹಟ ಹಿಡಿದಿದ್ದ. ವಾಲ್ದಿವಿಯಾ ನಗರದಲ್ಲಿ ಎಂಜಿನಿಯರಿಂಗ್ ಓದಿ ಬಂದವಳೆಂದು ಅವಳನ್ನೇ ಅಳೆಯಲು ಕರೆಸಿದ್ದರು. ಮಾವ ಕೆಲಸ ಕಳೆದುಕೊಳ್ಳಬಾರದೆಂಬ ಆಸೆ ತನ್ನ ಕಣ್ಣನ್ನು ಗೆರೆಯಿಂದ ಒಂದು ಕೂದಲೆಳೆಯಷ್ಟು ಸರಿಸಿರಬಹುದೇ? ಮೂರು ಸಲವೂ?

ಸಮುದ್ರದ ಇಳಿತ ಶುರುವಾಗುವ ಹೊತ್ತಿಗೆ ಲಾಂಚನ್ನು ದಡಕ್ಕೆ ತಂದು ಕಟ್ಟಿದರು. ಅಮಾವಾಸ್ಯೆಯ ದೊಡ್ಡ ಇಳಿತ. ನೀರು ಸರಸರನೆ ಹಿಂದೆ ಸರಿಯಿತು. ಎಲ್ಸಿರಾ ಕಾಗದ ಹಿಡಿದು ನಿಂತಳು.

“ಇನ್ನೂರ ಇಪ್ಪತ್ತೈದು,” ಎಂದಳು. “ಅದರ ಆಸುಪಾಸು.”

ಜನ ನಕ್ಕರು. ಫಿದೆಲ್ಮೊ ಟೋಪಿ ತೆಗೆದು ನಮಸ್ಕರಿಸಿದ.

“ಮಾವನ ಎಂಜಿನ್ನಿಗೆ ಸೊಸೆ ಲೆಕ್ಕ ಹಾಕಿದ್ರೆ ಇನ್ನೇನು ಬರುತ್ತಪ್ಪಾ! ಇನ್ನೂರ ಇಪ್ಪತ್ತೈದು ಕುದುರೆ ಕಟ್ಟಿದ ಗಾಡಿ ಅಂತೆ, ನನ್ನ ಹೆಂಡತಿ ಹುಟ್ಟು ಹಾಕಿದ್ರೂ ಇದಕ್ಕಿಂತ ಮುಂದೆ ಹೋಗ್ತಾಳೆ.”

“ವೇಗ ನೋಡಿದ್ರೆ ಎಂಬತ್ತೇ,” ಎಂದು ಎಲ್ಸಿರಾಳ ಬಾಯಿಂದ ಬಂದೇಬಿಟ್ಟಿತು. “ಎರಡೂ ನಿಜ. ಹೇಗೆ ಅಂತ ನನಗೇ ತಿಳೀತಿಲ್ಲ.”

ಮಾವ ತಲೆ ತಗ್ಗಿಸಿದ. ಕೈ ಎತ್ತಿ ತೀರ್ಮಾನಿಸೋಣ ಎಂದ ಫಿದೆಲ್ಮೊ. ಆಗ, ಇಳಿತದಲ್ಲಿ ಚಿಪ್ಪು ಆಯಲು ಎಲ್ಲರಂತೆ ಚಾಕು, ಬಕೆಟ್ ಹಿಡಿದು ಬಂದಿದ್ದ ದೋನ್ಯಾ ನೋರ್ಮಾ ಎಂಬ ಮುದುಕಿ ಕೈ ಎತ್ತುವ ಬದಲು ಲಾಂಚಿನತ್ತ ಬೆರಳು ಚಾಚಿದಳು.

“ಅಯ್ಯೋ, ಅವಳ ಹೊಟ್ಟೆ ನೋಡ್ರೋ!”

ನೀರು ಇಳಿದ ಲಾಂಚು ಪಕ್ಕಕ್ಕೆ ವಾಲಿ ಮರಳಿನ ಮೇಲೆ ಕೂತಿತ್ತು. ಅದರ ತಳದಲ್ಲಿ ಒಂದು ಗೇಣು ದಪ್ಪಕ್ಕೆ ಅಂಟಿಕೊಂಡ ಕಪ್ಪು ಪಚ್ಚಿಲೆ ಚಿಪ್ಪುಗಳು, ಮರವೇ ಕಾಣದಷ್ಟು.

“ಬೇಸಿಗೆಯೆಲ್ಲಾ ಲಾಂಚ್ ಎಲ್ಲಿ ಕಟ್ಟಿದ್ರಿ ದೊನ್ ಫಿದೆಲ್ಮೊ?” ಎಂದಳು ನೋರ್ಮಾ.

ಎಲ್ಲರಿಗೂ ಗೊತ್ತಿತ್ತು. ಅವನ ಭಾವಮೈದುನ ಮಾರಾಟಕ್ಕೆಂದು ಪಚ್ಚಿಲೆ ಸಾಕುವ ಕೊಲ್ಲಿಯಲ್ಲಿ. ಮರಿಗಳು ಅಂಟಲೆಂದೇ ಅಲ್ಲಿ ಹಗ್ಗ ಇಳಿಬಿಡುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ದಡಕ್ಕೆ ಎಳೆದು ತಳ ಕೆರೆಯುವ ರೂಢಿಯನ್ನು ಈ ಬೇಸಿಗೆ ಅವನೇ ತಪ್ಪಿಸಿದ್ದ.

“ಹಗ್ಗಕ್ಕೆ ಕೂರೋದು ಮರಕ್ಕೆ ಕೂರಲ್ಲ ಅಂದ್ಕೊಂಡ್ರಾ?”

ಫಿದೆಲ್ಮೊ ಟೋಪಿಯನ್ನು ಮತ್ತೆ ಹಾಕಿಕೊಂಡ. ಯಾರೂ ಕೈ ಎತ್ತಲಿಲ್ಲ; ಕೈಗಳಲ್ಲಿ ಆಗಲೇ ಚಾಕು, ಬಕೆಟ್ ಬಂದಿದ್ದವು. ಅರ್ಸೇನಿಯೊ ಎಲ್ಲರಿಗಿಂತ ಮುಂದೆ ಮಂಡಿಯೂರಿ ಕೆರೆಯುತ್ತಿದ್ದ, ಮೀಸೆಯಡಿ ನಗು ಬಚ್ಚಿಟ್ಟುಕೊಂಡು.

ಉಳಿದ ಕುದುರೆಗಳೆಲ್ಲ ಚಿಪ್ಪು ಎಳೆಯುತ್ತಿದ್ದವು ಎಂದು ಎಲ್ಸಿರಾಗೆ ಈಗ ಅರ್ಥವಾಗಿತ್ತು. ಆದರೂ ಅವಳು ಕಾಗದ ನೋಡುತ್ತಲೇ ಇದ್ದಳು. ಇನ್ನೂರ ಹದಿನೆಂಟು, ಇಪ್ಪತ್ತೈದು, ಮೂವತ್ತೊಂದು.

“ಇದರಲ್ಲಿ ಯಾವುದು ಬರೀಲಿ ಮಾವ?”

“ಉಬ್ಬರ ಬಂದು ಲಾಂಚು ತೇಲ್ಲಿ, ಮತ್ತೆ ಅಳೆ,” ಎಂದ ಅರ್ಸೇನಿಯೊ. “ನಾಲ್ಕನೇದು ಬರುತ್ತೆ.”